ಬ್ರಿಟನ್ನಿನ ಹಿಂದಿ ಸಿನಿಮಾ: ಸಂಧ್ಯಾ ಸೂರಿ ಎಂಬ ಪ್ರಕರಣ

ಬ್ರಿಟನ್ನಿನ ದೊಡ್ಡ ಸಿನಿಮಾ ಪ್ರಶಸ್ತಿಯಾದ ಬಾಫ್ಟಾದಲ್ಲಿ 2025ರಲ್ಲಿ ಚೊಚ್ಚಲ ಕೆಲಸ ಮಾಡಿದ ಬ್ರಿಟಿಷ್ ನಿರ್ದೇಶಕರು, ಬರಹಗಾರರು, ನಿರ್ಮಾಪಕರಿಗೆ ಅಂತ ಒಂದು ವಿಭಾಗ ಇತ್ತು. ಕೊನೆಯ ಸುತ್ತಿನಲ್ಲಿ ಐದು ಚಿತ್ರಗಳು. ಅವುಗಳಲ್ಲಿ ಮೂರರ ಕಥೆ ನಡೆಯುವುದು ಭಾರತದಲ್ಲಿ! ದೇವ್ ಪಟೇಲ್ ಅವರ 'ಮಂಕಿ ಮ್ಯಾನ್', ಲಂಡನ್‌ನಲ್ಲಿ ನೆಲೆಸಿರುವ ಕರಣ್ ಕಂಧಾರಿ ಅವರ 'ಸಿಸ್ಟರ್ ಮಿಡ್‌ನೈಟ್', ಮತ್ತು ಸಂಧ್ಯಾ ಸೂರಿ ಅವರ 'ಸಂತೋಷ್'. ಪ್ರಶಸ್ತಿ ಮೂರಕ್ಕೂ ಬರಲಿಲ್ಲ, ಐರ್ಲೆಂಡಿನ ರ‍್ಯಾಪ್ ಹುಡುಗರ ಮೇಲಿನ ಸಿನಿಮಾ ಹೊಡೆದುಕೊಂಡು ಹೋಯಿತು. ಅದಿರಲಿ. ಈ ಮೂರರಲ್ಲಿ 'ಸಿಸ್ಟರ್ ಮಿಡ್‌ನೈಟ್' ಮಾತ್ರ ನಮ್ಮ ಥಿಯೇಟರ್‌ಗಳಿಗೆ ಬಂತು. ಉಳಿದ ಎರಡು ಸೆನ್ಸಾರ್ ಮಂಡಳಿಯ ಬಾಗಿಲಲ್ಲೇ ನಿಂತವು.

ನಾನು ಇಲ್ಲಿ ಬರೆಯಹೊರಟಿರುವುದು ಸಂಧ್ಯಾ ಅವರ ಬಗ್ಗೆ. ವಲಸೆ ಹೋದ ಮನೆಯಲ್ಲಿ ಹುಟ್ಟಿ, ಅಪ್ಪ ಅಮ್ಮ ಬಿಟ್ಟು ಬಂದ ದೇಶದ ಮೇಲೆ ಸಿನಿಮಾ ಮಾಡುವವರಿಗೆ ಏನೇನು ಸಿಗುತ್ತದೆ, ಏನೇನು ಎದುರಾಗುತ್ತದೆ ಅನ್ನುವುದೆಲ್ಲ ಇವರೊಬ್ಬರ ಹಾದಿಯಲ್ಲೇ ಕಾಣುತ್ತದೆ. ಮೊದಲ ಪೂರ್ಣಪ್ರಮಾಣದ ಸಾಕ್ಷ್ಯಚಿತ್ರ 2005ರದು, ಮೊದಲ ಕಥಾಚಿತ್ರ 2024ರದು. ಹತ್ತೊಂಬತ್ತು ವರ್ಷ ಆದಮೇಲೂ ಜಗತ್ತು ಅವರನ್ನು ಕರೆದದ್ದು 'ಹೊಸ ನಿರ್ದೇಶಕಿ' ಅಂತಲೇ.

ಡಾರ್ಲಿಂಗ್‌ಟನ್ನಿನಿಂದ ಮೀರತ್‌ಗೆ

ಸಂಧ್ಯಾ ಹುಟ್ಟಿ ಬೆಳೆದದ್ದು ಇಂಗ್ಲೆಂಡಿನ ಉತ್ತರಕ್ಕಿರುವ ಡಾರ್ಲಿಂಗ್‌ಟನ್ ಎಂಬ ಊರಲ್ಲಿ. ಅಪ್ಪ ಯಶ್‌ಪಾಲ್ ಸೂರಿ ವೈದ್ಯರು. 1965ರಲ್ಲಿ ಬ್ರಿಟನ್ನಿಗೆ ಹೋದರು. ಆ ಕಾಲದಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಗಳು ನಡೆಯುತ್ತಿದ್ದದ್ದೇ ಹೀಗೆ ಭಾರತ, ಪಾಕಿಸ್ತಾನಗಳಿಂದ ಬಂದ ಡಾಕ್ಟರುಗಳ ಬಲದ ಮೇಲೆ. ಹೋದವರೆಲ್ಲ ಒಂದೇ ಮಾತು ಹೇಳಿಯೇ ಹೋದವರು: ಸ್ವಲ್ಪ ವರ್ಷ ಇದ್ದು ವಾಪಸ್ ಬರ್ತೀವಿ.

ಆಗ ಊರಿಗೆ ಫೋನ್ ಮಾಡುವುದು ದೊಡ್ಡ ಖರ್ಚಿನ ಬಾಬತ್ತು. ಡಾಕ್ಟರು ಒಂದು ಕೆಲಸ ಮಾಡಿದರು. ಎರಡು ಸೂಪರ್ 8 ಕ್ಯಾಮೆರಾ (ಮನೆಮಂದಿ ಬಳಸುವ ಸಣ್ಣ ಫಿಲ್ಮ್ ಕ್ಯಾಮೆರಾ), ಎರಡು ಪ್ರೊಜೆಕ್ಟರ್, ಎರಡು ರೀಲ್ ಟೇಪ್ ರೆಕಾರ್ಡರ್ ಕೊಂಡರು. ಒಂದು ಸೆಟ್ ತಾವಿಟ್ಟುಕೊಂಡು ಇನ್ನೊಂದನ್ನು ಭಾರತದ ಮನೆಗೆ ಕಳಿಸಿದರು. ಕ್ಯಾಮೆರಾ ಇದ್ದಮೇಲೆ ಟೇಪ್ ರೆಕಾರ್ಡರ್ ಯಾಕೆ ಬೇಕಿತ್ತು ಅಂದರೆ, ಆಗಿನ ಸೂಪರ್ 8 ಫಿಲ್ಮಿನಲ್ಲಿ ಧ್ವನಿ ಇರಲಿಲ್ಲ. ಕೊಡಾಕ್ ಕಂಪನಿ ಈ ಫಿಲ್ಮನ್ನು ತಂದದ್ದೇ 1965ರಲ್ಲಿ, ಧ್ವನಿ ಸೇರಿದ್ದು 1973ರಲ್ಲಿ. ಹಾಗಾಗಿ ಚಿತ್ರ ಒಂದು ಪೊಟ್ಟಣದಲ್ಲಿ, ಮಾತು ಇನ್ನೊಂದು ಪೊಟ್ಟಣದಲ್ಲಿ. ಒಂದು ಕಾರ್ಟ್ರಿಜ್‌ನಲ್ಲಿ ಐವತ್ತು ಅಡಿ ಫಿಲ್ಮ್, ಅಂದರೆ ಸುಮಾರು ಮೂರೂಕಾಲು ನಿಮಿಷ. ಮೊಬೈಲಲ್ಲಿ ಅರ್ಧ ಗಂಟೆ ಸುಮ್ನೆ ರೆಕಾರ್ಡ್ ಮಾಡಿಬಿಡುವ ನಮಗೆ ಇದರ ಬಿಗಿ ಥಟ್ಟನೆ ಅರ್ಥವಾಗುವುದಿಲ್ಲ. ಮೂರೂಕಾಲು ನಿಮಿಷದಲ್ಲಿ ಅಮ್ಮನಿಗೆ ಏನು ತೋರಿಸುವುದು? ಹಿಮ ಬಿದ್ದದ್ದನ್ನು ತೋರಿಸಬೇಕು, ಮನೆ ತೋರಿಸಬೇಕು, ಮಕ್ಕಳು ಬೆಳೆದದ್ದನ್ನು ತೋರಿಸಬೇಕು. ಚೆನ್ನಾಗಿದ್ದೇವೆ ಅಂತ ತೋರಿಸಬೇಕು. ಒಂಟಿತನ, ಬಣ್ಣದ ಕಾರಣಕ್ಕೆ ಸಿಗುವ ಅವಮಾನ, ಇವು ಚಿತ್ರದಲ್ಲಿ ಬರುವುದಿಲ್ಲ. ಟೇಪಿನಲ್ಲಿ ದನಿ ನಡುಗಿದಾಗ ಗೊತ್ತಾಗುತ್ತದೆ ಅಷ್ಟೆ.

ನಮ್ಮ ಕರಾವಳಿಯಲ್ಲಿ ಗಲ್ಫ್‌ಗೆ ಹೋದವರ ಮನೆಗಳಲ್ಲೂ ಒಂದು ಕಾಲಕ್ಕೆ ಕ್ಯಾಸೆಟ್ಟೇ ಪತ್ರವಾಗಿತ್ತು. ಮನೆಮಂದಿಯೆಲ್ಲ ಸುತ್ತ ಕೂತು ಕೇಳಿ, ಆಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಉತ್ತರ ತುಂಬಿ ವಾಪಸ್ ಕಳಿಸುವುದು. ಹಳೆಯ ಮಾತು ಅಳಿಸಿ ಹೋಗುತ್ತಿತ್ತು. ಸೂರಿ ಮನೆಯಲ್ಲಿ ಮಾತ್ರ ಅಳಿಸಲಿಲ್ಲ. ಸುಮಾರು ನಲವತ್ತು ವರ್ಷಗಳ ಈ ಓಡಾಟವೆಲ್ಲ ರೀಲುಗಳಲ್ಲಿ ಉಳಿಯಿತು.

ಬ್ರಿಟನ್ನಿನ ರಾಷ್ಟ್ರೀಯ ಸಿನಿಮಾ ಮತ್ತು ಟೆಲಿವಿಷನ್ ಶಾಲೆಯಲ್ಲಿ ಸಾಕ್ಷ್ಯಚಿತ್ರ ಕಲಿತ ಮಗಳು ಈ ರೀಲುಗಳಿಂದಲೇ 'ಐ ಫಾರ್ ಇಂಡಿಯಾ' ಮಾಡಿದರು. 70 ನಿಮಿಷದ ಚಿತ್ರ. 2006ರಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದ ಸ್ಪರ್ಧೆಗೆ ಹೋಯಿತು. ಮನೆಯ ರೀಲುಗಳ ನಡುವೆ ಅವರು ಆಗಿನ ಬ್ರಿಟಿಷ್ ಟಿವಿ ಕಾರ್ಯಕ್ರಮಗಳ ತುಣುಕುಗಳನ್ನು ಪೋಣಿಸಿದ್ದಾರೆ. ವಲಸೆ ಬಂದವರ ಬಗ್ಗೆ ಬಿಳಿಯರು ಏನು ಮಾತಾಡಿಕೊಳ್ಳುತ್ತಿದ್ದರು ಅಂತ ಒಂದು ಕಡೆ, ಅದೇ ವಲಸಿಗ ತನ್ನ ಅಮ್ಮನಿಗೆ ಏನು ಹೇಳುತ್ತಿದ್ದ ಅಂತ ಇನ್ನೊಂದು ಕಡೆ. ಎರಡನ್ನೂ ಪಕ್ಕಪಕ್ಕ ಇಟ್ಟು ತಾವು ಸುಮ್ಮನಾಗುತ್ತಾರೆ.

ಎಂಬತ್ತರ ದಶಕದಲ್ಲಿ ಕುಟುಂಬ ನಿಜವಾಗಿಯೂ ಗಂಟುಮೂಟೆ ಕಟ್ಟಿ ಭಾರತಕ್ಕೆ ಬಂತು. ಅಪ್ಪ ಮೀರತ್‌ನಲ್ಲಿ ಕ್ಲಿನಿಕ್ ತೆರೆದರು. ನಡೆಯಲಿಲ್ಲ. ವಾಪಸ್ ಇಂಗ್ಲೆಂಡಿಗೆ ಹೋದರು. ಚಿತ್ರದ ಕೊನೆಯ ಹೊತ್ತಿಗೆ ಸಂಧ್ಯಾ ಅವರ ಅಕ್ಕ-ತಂಗಿಯರಲ್ಲಿ ಒಬ್ಬರು ಆಸ್ಟ್ರೇಲಿಯಾಕ್ಕೆ ಹೊರಡುತ್ತಾರೆ. ಅಮ್ಮನನ್ನು ಬಿಟ್ಟು ಬಂದ ಯಶ್‌ಪಾಲ್ ಈಗ ಮಗಳನ್ನು ಕಳಿಸಿಕೊಡುವ ಅಪ್ಪ. ಇಷ್ಟು ಒಳ್ಳೆಯ ತಿರುವನ್ನು ಕಥೆಗಾರ ಕೂತು ಬರೆದಿದ್ದರೆ ನಾವು 'ಅತಿಯಾಯ್ತು' ಅನ್ನುತ್ತಿದ್ದೆವು.

ಸಂಧ್ಯಾ ಅವರ ಮುಂದಿನ ಕೆಲಸಕ್ಕೆಲ್ಲ ಬೇರು ಇಲ್ಲೇ ಇದೆ ಅನ್ನುವುದು ನನ್ನ ಅಂದಾಜು. ಅವರು ಭಾರತವನ್ನು ಮೊದಲು ನೋಡಿದ್ದೇ ಪರದೆಯ ಮೇಲೆ, ಯಾರೋ ಆರಿಸಿ ಕಳಿಸಿದ ಮೂರು ಮೂರು ನಿಮಿಷದ ತುಣುಕುಗಳಲ್ಲಿ. ಹಾಗೆ ನೋಡಿ ಬೆಳೆದವರು ಯಾವ ದೃಶ್ಯ ನೋಡಿದರೂ ಮೊದಲು ಕೇಳುವುದು ಒಂದೇ: ಕ್ಯಾಮೆರಾ ಯಾರ ಕೈಲಿತ್ತು? ತಾನು ಹೊರಗಿನವಳು ಅನ್ನುವುದನ್ನು ಅವರು ಎಲ್ಲೂ ಮುಚ್ಚಿಡುವುದಿಲ್ಲ. ಒಳಗೆ ಹೋಗಲು ಪ್ರತಿ ಸಲ ಬೇರೆ ಬಾಗಿಲು ಹುಡುಕುತ್ತಾರೆ. ಮೊದಲ ಸಲ ಆ ಬಾಗಿಲು ಅಪ್ಪನ ರೀಲುಗಳಾಗಿದ್ದವು.

ನಡುವಿನ ಹದಿಮೂರು ವರ್ಷ

2005ರಿಂದ 2018ರವರೆಗೆ ಹೆಸರು ಹೇಳಿ ತೋರಿಸುವಂಥ ದೊಡ್ಡ ಚಿತ್ರ ಇಲ್ಲ. ಸ್ವಯಂಸೇವಾ ಸಂಸ್ಥೆಗಳ ಜತೆ ಕೆಲಸ, ಸಣ್ಣ ಸಾಕ್ಷ್ಯಚಿತ್ರಗಳು. ಚಿತ್ರರಂಗದವರ ಪರಿಚಯ ಬರಹಗಳಲ್ಲಿ ಇಂಥ ವರ್ಷಗಳನ್ನು ಒಂದು ಸಾಲಲ್ಲಿ ಮುಗಿಸುವುದು ರೂಢಿ. ಆದರೆ ಮನೆತನದ ಹಣವಾಗಲಿ ತಾರಾಬಳಗವಾಗಲಿ ಇಲ್ಲದ ನಿರ್ದೇಶಕರ ಬದುಕು ನಡೆಯುವುದೇ ಇಂಥ ವರ್ಷಗಳಲ್ಲಿ. ಹೊಟ್ಟೆಪಾಡಿನ ಕೆಲಸ ಮಾಡುತ್ತಲೇ ತಲೆಯಲ್ಲಿ ಒಂದು ಕಥೆ ಬೇಯುತ್ತಿರುತ್ತದೆ.

2018ರಲ್ಲಿ ಎರಡು ಕೆಲಸ ಬೆನ್ನುಬೆನ್ನಿಗೇ ಜನರ ಕಣ್ಣಿಗೆ ಬಿದ್ದವು. ಒಂದು 'ಅರೌಂಡ್ ಇಂಡಿಯಾ ವಿತ್ ಎ ಮೂವಿ ಕ್ಯಾಮೆರಾ'. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಭಂಡಾರದಲ್ಲಿದ್ದ, 1899ರಿಂದ 1947ರವರೆಗೆ ಭಾರತದಲ್ಲಿ ತೆಗೆದ ತುಣುಕುಗಳನ್ನು ಜೋಡಿಸಿದ ಚಿತ್ರ. ಸಂಗೀತ ಸರೋದ್ ವಾದಕ ಸೌಮಿಕ್ ದತ್ತ ಅವರದು. ಪ್ರವಾಸಿಗಳು, ಅಧಿಕಾರಿಗಳು, ವೃತ್ತಿಪರ ಕ್ಯಾಮೆರಾದವರು ಹೀಗೆ ಯಾರ್‍ಯಾರೋ ತೆಗೆದದ್ದು. ಆ ಭಂಡಾರದ 1899ರ ಒಂದು ತುಣುಕಿನ ಮೇಲೆ ಕಲ್ಕತ್ತಾದ ನದಿ ತೀರ ಅಂತ ಹೆಸರಿದೆ. ನೋಡಿದರೆ ಅದು ವಾರಾಣಸಿಯ ಘಾಟ್! ಮೆಟ್ಟಿಲುಗಳನ್ನು ನೋಡಿದ ಯಾವ ಭಾರತೀಯನಿಗೂ ಅನುಮಾನ ಬರುವುದಿಲ್ಲ. ತೆಗೆದವರಿಗೋ ಹೆಸರು ಹಚ್ಚಿದವರಿಗೋ ಎರಡೂ ಒಂದೇ ಆಗಿತ್ತು. ಆಳುವವರ ಕ್ಯಾಮೆರಾ ಹೇಗೆ ನೋಡುತ್ತದೆ ಅಂತ ಹೇಳಲು ಬೇರೆ ಭಾಷಣ ಬೇಕಿಲ್ಲ, ಈ ತಪ್ಪು ಹೆಸರೊಂದೇ ಸಾಕು.

ಇನ್ನೊಂದು 'ದಿ ಫೀಲ್ಡ್' ಎಂಬ ಕಿರುಚಿತ್ರ. ಇಪ್ಪತ್ತು ನಿಮಿಷವೂ ಇಲ್ಲ. ಇಲ್ಲಿ ಸಂಧ್ಯಾ ಮೊದಲ ಬಾರಿಗೆ ಕಥೆ ಕಟ್ಟುತ್ತಾರೆ. ಉತ್ತರ ಭಾರತದ ಒಂದು ಹಳ್ಳಿ. ಕೂಲಿಗೆ ಹೋಗುವ ಹೆಂಗಸು, ಗಂಡ ಮಕ್ಕಳು ಇದ್ದಾರೆ. ಎತ್ತರಕ್ಕೆ ಬೆಳೆದ ಜೋಳದ ಹೊಲದ ನಡುವೆ ಅವಳಿಗೆ ಇನ್ನೊಂದು ಬದುಕು ಇದೆ. ಅಲ್ಲಿ ಅವಳು ತನ್ನ ಪ್ರಿಯಕರನನ್ನು ಕಾಣುತ್ತಾಳೆ. ಮನೆಯಲ್ಲಿ ಒಂದು ಕೋಣೆಯೂ ಇಲ್ಲದವಳಿಗೆ ಏಕಾಂತ ಕೊಡುವುದು ಬೆಳೆ. ಕೊಯ್ಲು ಬಂತು ಅಂದರೆ ಅದೂ ಹೋಯಿತು.

ಹಾವೇರಿ, ದಾವಣಗೆರೆ ಕಡೆಯ ಗೋವಿನಜೋಳದ ಹೊಲಕ್ಕೆ ಇಳಿದವರಿಗೆ ಈ ಕಥೆಯ ಜಾಣ್ಮೆ ತಕ್ಷಣ ಹೊಳೆಯುತ್ತದೆ. ಆಳೆತ್ತರಕ್ಕೆ ಬೆಳೆದಾಗ ಎರಡು ಸಾಲು ಆಚೆ ನಿಂತವರೂ ಕಾಣುವುದಿಲ್ಲ, ಎಲೆ ಸರಿದಾಡುವ ಸದ್ದು ಮಾತ್ರ. ಕೊಯ್ದ ಮರುದಿನ ಅದೇ ಜಾಗದಲ್ಲಿ ನಿಂತರೆ ಊರಿನ ಕೊನೆಯ ಮನೆಯವರೆಗೂ ಕಾಣುತ್ತದೆ. ಹೆಣ್ಣಿನ ಆಸೆ, ಕೂಲಿ, ಋತು ಮೂರನ್ನೂ ಒಂದೇ ಬೆಳೆಯ ಎತ್ತರಕ್ಕೆ ಕಟ್ಟಿಹಾಕಿದ್ದಾರೆ. ಬಡತನದ ಬಗ್ಗೆ ಅಳು ಇಲ್ಲ, ಉಪದೇಶವೂ ಇಲ್ಲ. ನನ್ನನ್ನು ಕೇಳಿದರೆ ಇದು ಅವರ ಅತ್ಯಂತ ಬಿಗಿಯಾದ ಕೆಲಸ, 'ಸಂತೋಷ್'ಗಿಂತಲೂ. ಟೊರೊಂಟೊ ಚಿತ್ರೋತ್ಸವದಲ್ಲಿ ಅತ್ಯುತ್ತಮ ಅಂತಾರಾಷ್ಟ್ರೀಯ ಕಿರುಚಿತ್ರ ಪ್ರಶಸ್ತಿ ಬಂತು. ಬಾಫ್ಟಾಕ್ಕೆ ನಾಮನಿರ್ದೇಶನವೂ ಆಯಿತು.

ಒಬ್ಬ ಪೇದೆಯ ಮುಖ

2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಅತ್ಯಾಚಾರದ ನಂತರ ದೇಶವೆಲ್ಲ ಬೀದಿಗೆ ಬಂದದ್ದು ನಮಗೆ ನೆನಪಿದೆ. ಸಂಧ್ಯಾ ಆ ಹೊತ್ತಿಗೆ ಹೆಣ್ಣುಮಕ್ಕಳ ಮೇಲಿನ ಹಿಂಸೆಯ ಬಗ್ಗೆ ಸಾಕ್ಷ್ಯಚಿತ್ರ ಮಾಡುವ ದಾರಿ ಹುಡುಕುತ್ತಿದ್ದರು. ಆದರೆ ಹಿಂಸೆಯನ್ನು ಬರೀ ತೋರಿಸಿದರೆ ಏನು ಬಂತು ಅನ್ನುವ ಪ್ರಶ್ನೆ ಕಾಡುತ್ತಿತ್ತು. ಆಗ ಪ್ರತಿಭಟನೆಯ ಒಂದು ಫೋಟೊ ಕಣ್ಣಿಗೆ ಬಿತ್ತು. ಸಿಟ್ಟಿನಿಂದ ಕೂಗುತ್ತಿರುವ ಹುಡುಗಿಯರು, ಅವರನ್ನು ತಡೆಯಲು ನಿಂತ ಮಹಿಳಾ ಪೊಲೀಸರು. ಅವರಲ್ಲಿ ಒಬ್ಬ ಪೇದೆಯ ಮುಖದಲ್ಲಿ ಏನೋ ಇತ್ತು.

ಯೋಚಿಸಿ ನೋಡಿ, ಆ ಹೆಂಗಸು ಎರಡೂ ಕಡೆ ಇದ್ದಾಳೆ. ಡ್ಯೂಟಿ ಮುಗಿಸಿ ಮಫ್ತಿಯಲ್ಲಿ ಬಸ್ ಹತ್ತಿದರೆ ಅವಳಿಗೂ ಅದೇ ಭಯ. ಸಮವಸ್ತ್ರ ಹಾಕಿದಾಗ ಲಾಠಿ ಅವಳ ಕೈಯಲ್ಲಿ. ಸಂಧ್ಯಾ ಅವರಿಗೆ ಬೇಕಿದ್ದ ಬಾಗಿಲು ಸಿಕ್ಕಿತು. ಮತ್ತು ಅದು ಸಾಕ್ಷ್ಯಚಿತ್ರದ ಬಾಗಿಲಾಗಿರಲಿಲ್ಲ. ಯಾವ ಠಾಣೆಯೂ ತನ್ನ ಒಳಕೋಣೆಗೆ ಕ್ಯಾಮೆರಾ ಬಿಟ್ಟುಕೊಳ್ಳುವುದಿಲ್ಲ ಅಲ್ವಾ?

'ಸಂತೋಷ್' ಚಿತ್ರದ ಕಥೆ ಹೀಗೆ. ಸಂತೋಷ್ ಸೈನಿ ಎಂಬ ಯುವತಿ, ಮದುವೆಯಾಗಿ ಹೆಚ್ಚು ಕಾಲವಾಗಿಲ್ಲ. ಗಲಭೆಯಲ್ಲಿ ಪೇದೆ ಗಂಡ ಸಾಯುತ್ತಾನೆ. ಅತ್ತೆ ಮನೆಯವರಿಗೆ ಅವಳು ಬೇಡ, ಪೊಲೀಸ್ ಕ್ವಾರ್ಟರ್ಸ್ ಖಾಲಿ ಮಾಡಬೇಕು. ಉಳಿದ ದಾರಿ ಒಂದೇ, ಅನುಕಂಪದ ಆಧಾರದ ನೌಕರಿ. ಗಂಡನ ಕೆಲಸ ಹೆಂಡತಿಗೆ. ಈ ನೌಕರಿಯ ಬಗ್ಗೆ ಪಶ್ಚಿಮದ ವಿಮರ್ಶಕರು ಅಚ್ಚರಿಯಿಂದ ಬರೆದದ್ದನ್ನು ಓದಿ ನಗು ಬಂತು. ನಮ್ಮಲ್ಲಿ ಯಾವ ಸರ್ಕಾರಿ ಕಚೇರಿಗೆ ಹೋದರೂ 'ಅನುಕಂಪದ ಮೇಲೆ ಬಂದವರು' ಒಬ್ಬರಾದರೂ ಇರುತ್ತಾರೆ. ಅವರ ಬಗ್ಗೆ ಬೆನ್ನ ಹಿಂದೆ ಆಡುವ ಮಾತುಗಳೂ ಗೊತ್ತು. ಕೆಲಸ ಬೇಕು ಅಂತ ಓದಿ ಪರೀಕ್ಷೆ ಬರೆದು ಬಂದವರಲ್ಲ ಇವರು, ಸಾವು ತಂದುಕೊಟ್ಟ ಕುರ್ಚಿ ಅದು. ಸಂತೋಷ್‌ಗೆ ಪೊಲೀಸ್ ಆಗುವ ಆಸೆ ಇರಲಿಲ್ಲ. ಗಂಡನ ಖಾಕಿ ಅವಳ ಮೈಮೇಲೆ ಬಂತು ಅಷ್ಟೆ.

ಠಾಣೆಗೆ ಒಬ್ಬ ದಲಿತ ಅಪ್ಪ ಬರುತ್ತಾನೆ, ಮಗಳು ಕಾಣೆಯಾಗಿದ್ದಾಳೆ ಅಂತ. ದೂರು ತೆಗೆದುಕೊಳ್ಳುವವರಿಲ್ಲ. ಆಮೇಲೆ ಹುಡುಗಿಯ ಹೆಣ ಬಾವಿಯಲ್ಲಿ ಸಿಗುತ್ತದೆ. ಊರು ರೊಚ್ಚಿಗೇಳುತ್ತದೆ. ಸರ್ಕಾರ ಮುಖ ಉಳಿಸಿಕೊಳ್ಳಲು ಗೀತಾ ಶರ್ಮಾ ಎಂಬ ಮಹಿಳಾ ಇನ್‌ಸ್ಪೆಕ್ಟರನ್ನು ಕಳಿಸುತ್ತದೆ. ಅನುಮಾನ ಸಲೀಂ ಎಂಬ ಮುಸ್ಲಿಂ ಹುಡುಗನ ಮೇಲೆ. ಅವನನ್ನು ಹುಡುಕಿ ಹಿಡಿಯುವವಳು ಸಂತೋಷ್. ಲಾಕಪ್ಪಿನಲ್ಲಿ ಅವನಿಗೆ ಹೊಡೆಯುವವರಲ್ಲೂ ಸಂತೋಷ್ ಇದ್ದಾಳೆ. ಹುಡುಗ ಉಳಿಯುವುದಿಲ್ಲ.

ನಾವು ನೋಡಿ ಬೆಳೆದ ಪೊಲೀಸ್ ಸಿನಿಮಾಗಳಲ್ಲಿ ಲಾಕಪ್ಪಿನ ಏಟು ಚಪ್ಪಾಳೆ ಗಿಟ್ಟಿಸುವ ದೃಶ್ಯ. ನಾಯಕ ಹೊಡೆದರೆ ನ್ಯಾಯ, ಖಳ ಹೊಡೆದರೆ ಅನ್ಯಾಯ. ಇಲ್ಲಿ ಹೊಡೆಯುವವಳು ನಾವು ಅಲ್ಲಿಯವರೆಗೆ ಕೈಹಿಡಿದು ಜತೆಗೆ ನಡೆದ ಹೆಣ್ಣು. ಅತ್ತೆ ಮನೆಯಲ್ಲಿ ಬೈಸಿಕೊಂಡವಳು, ಠಾಣೆಯಲ್ಲಿ ಗಂಡಸರ ಕುಹಕ ಕೇಳಿದವಳು. ಅವಳ ಕೈ ಎತ್ತಿದಾಗ ಅಲ್ಲಿ ಬರುವುದು ಬರೀ ಆ ಹುಡುಗನ ಮೇಲಿನ ಸಿಟ್ಟಲ್ಲ ಅಂತ ನಮಗೆ ಗೊತ್ತಾಗುತ್ತದೆ. ಹಾಗಂತ ಚಿತ್ರ ಅವಳನ್ನು ಕ್ಷಮಿಸುವುದೂ ಇಲ್ಲ. ಹಿನ್ನೆಲೆ ಸಂಗೀತ ನಮ್ಮ ಸಹಾಯಕ್ಕೆ ಬರುವುದಿಲ್ಲ. ಶಹಾನಾ ಗೋಸ್ವಾಮಿ ಈ ಪಾತ್ರದಲ್ಲಿ ಮಾತಾಡುವುದು ಬಹಳ ಕಡಿಮೆ. ನೋಟವನ್ನೂ ನಡಿಗೆಯನ್ನೂ ನಂಬಿಕೊಂಡು ಮಾಡಿದ್ದಾರೆ. ಖಾಕಿ ಹಾಕಿದ ಮೊದಮೊದಲ ಅಂಜಿಕೆ ಕರಗಿ, ಎದುರಿಗೆ ಬಂದವರು ದಾರಿ ಬಿಡುತ್ತಾರೆ ಅನ್ನುವ ರುಚಿ ಮೈಗೆ ಹತ್ತುವುದು ಕಣ್ಣಿಗೆ ಕಾಣುತ್ತದೆ.

ಇನ್ನು ಶರ್ಮಾ ಮೇಡಂ ಪಾತ್ರಕ್ಕೆ ಸುನೀತಾ ರಾಜ್ವರ್. 'ಗುಲ್ಲಕ್', 'ಪಂಚಾಯತ್' ವೆಬ್ ಸರಣಿಗಳನ್ನು ನೋಡಿದವರಿಗೆ ಇವರು ನಗಿಸುವ ಪಕ್ಕದ ಮನೆಯಾಕೆ. ಅದೇ ಮುಖದಲ್ಲಿ ಸಂಧ್ಯಾ ಬೇರೆಯದನ್ನು ಕಂಡರು. ಶರ್ಮಾ ಎಳೆಯವಳಿಗೆ ಅಕ್ಕನಂತೆ ಊಟ ಹಾಕಿಸುತ್ತಾಳೆ, ಬೆನ್ನು ತಟ್ಟುತ್ತಾಳೆ, ವ್ಯವಸ್ಥೆ ಹೇಗೆ ನಡೆಯುತ್ತದೆ ಅಂತ ಹೇಳಿಕೊಡುತ್ತಾಳೆ. ಪ್ರೀತಿಯೇ ಪಾಠವಾಗಿ, ಪಾಠವೇ ಪಾಪವಾಗುವ ಬಗೆ ಅದು. ಹೊರಗಿನಿಂದ ಬಂದ ನಿರ್ದೇಶಕಿ ಹಿಂದಿ ಟಿವಿಯ ಹಾಸ್ಯನಟಿಯನ್ನು ಹೀಗೆ ಬಳಸಿದ್ದು ಆ ದೂರದ ನೋಟದಿಂದಲೇ ಸಾಧ್ಯವಾಯಿತೇನೋ. ಇಲ್ಲಿನವರಿಗೆ ಅವರ ಮೇಲೆ ಆಗಲೇ ಒಂದು ಮುದ್ರೆ ಬಿದ್ದಿತ್ತು.

ಒಂದು ತಕರಾರು ನನ್ನದೂ ಇದೆ. ದಲಿತ ಕುಟುಂಬ, ಮುಸ್ಲಿಂ ಹುಡುಗ, ಮೇಲ್ಜಾತಿ ಯಜಮಾನರು, ಪೊಲೀಸರು ಎಲ್ಲ ಒಂದೇ ಪ್ರಕರಣದಲ್ಲಿ ತಪ್ಪದೆ ಹಾಜರಿದ್ದಾರೆ. ದೇಶದ ಗಾಯಗಳನ್ನೆಲ್ಲ ಒಂದೇ ಎಫ್‌ಐಆರ್‌ನಲ್ಲಿ ಸೇರಿಸಬೇಕು ಅನ್ನುವ ಆತುರ ಅಲ್ಲಲ್ಲಿ ಕಾಣುತ್ತದೆ. ಸತ್ತ ಹುಡುಗಿಯ ಅಪ್ಪ ಅಮ್ಮ ದುಃಖವಾಗಿ ಉಳಿಯುತ್ತಾರೆ, ಮನುಷ್ಯರಾಗಿ ನಮಗೆ ಹತ್ತಿರ ಬರುವುದು ಕಡಿಮೆ. ಹೊರನಾಡಿನಿಂದ ಬಂದು ಸಿನಿಮಾ ಮಾಡುವವರಿಗೆ ಈ ಒತ್ತಡ ಜಾಸ್ತಿ. ಮತ್ತೆ ಯಾವಾಗ ಅವಕಾಶ ಸಿಗುತ್ತದೋ, ಇದೊಂದರಲ್ಲೇ ಎಲ್ಲ ಹೇಳಿಬಿಡೋಣ ಅನ್ನಿಸುತ್ತದೆ.

ದುಡ್ಡು ಎಲ್ಲಿಂದ ಬಂತು

ಫೋಟೊ ನೋಡಿದ್ದು 2012ರಲ್ಲಿ. ಚಿತ್ರಕಥೆ 2016ರಲ್ಲಿ ಸನ್‌ಡಾನ್ಸ್ ಸಂಸ್ಥೆಯ, ಹೊಸ ಚಿತ್ರಕಥೆಗಳನ್ನು ತಿದ್ದಿ ಬೆಳೆಸುವ ಲ್ಯಾಬ್‌ಗಳಿಗೆ ಆಯ್ಕೆಯಾಯಿತು. ತೆರೆಗೆ ಬಂದದ್ದು 2024ರ ಮೇ ತಿಂಗಳಲ್ಲಿ, ಕಾನ್ ಚಿತ್ರೋತ್ಸವದ 'ಅನ್ ಸರ್ಟನ್ ರಿಗಾರ್ಡ್' ವಿಭಾಗದಲ್ಲಿ. ಹನ್ನೆರಡು ವರ್ಷ. ಈ ನಡುವೆ 'ದಿ ಫೀಲ್ಡ್' ಮಾಡಿದ್ದು ಸುಮ್ನೆ ಅಲ್ಲ. ಸಾಕ್ಷ್ಯಚಿತ್ರದವರು ಕಥೆ ಹೇಳಬಲ್ಲರೇ, ನಟರನ್ನು ನಡೆಸಬಲ್ಲರೇ ಅಂತ ಹಣ ಹಾಕುವವರಿಗೆ ಅನುಮಾನ ಇದ್ದೇ ಇರುತ್ತದೆ. ಆ ಕಿರುಚಿತ್ರ ಅದಕ್ಕೆ ಉತ್ತರ.

ಹಣ ಬಂದದ್ದು ಬಿಬಿಸಿ ಫಿಲ್ಮ್ ಮತ್ತು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಿಂದ. ಜತೆಗೆ ಜರ್ಮನಿ, ಫ್ರಾನ್ಸ್ ಕಂಪನಿಗಳ ಪಾಲುದಾರಿಕೆ. ಚಿತ್ರೀಕರಣ ಲಖನೌ ಮತ್ತು ಸುತ್ತಮುತ್ತ. ಛಾಯಾಗ್ರಾಹಕ ಲೆನರ್ಟ್ ಹಿಲ್ಲೆಗೆ ನೆದರ್‌ಲ್ಯಾಂಡ್ಸಿನವರು, ಕಲಾವಿದರು ಭಾರತದವರು. ಸಾರ್ವಜನಿಕ ದುಡ್ಡಲ್ಲಿ ನಡೆಯುವ ಇಂಥ ಯುರೋಪಿನ ನಿಧಿಗಳು ಇಲ್ಲದಿದ್ದರೆ ಈ ಚಿತ್ರ ಹುಟ್ಟುತ್ತಲೇ ಇರಲಿಲ್ಲ. ಹಾಡಿಲ್ಲ, ಸ್ಟಾರ್ ಇಲ್ಲ, ನಾಯಕಿ ಒಳ್ಳೆಯವಳೂ ಅಲ್ಲ. ಮುಂಬೈಯಲ್ಲಿ ಯಾರು ಹಣ ಹಾಕುತ್ತಾರೆ?

ಅದೇ ಕಾನ್‌ನಲ್ಲಿ ಆ ವರ್ಷ ನಮಗೆ ಖುಷಿ ಕೊಟ್ಟ ಇನ್ನೊಂದು ಸುದ್ದಿಯಿತ್ತು. ಮೈಸೂರಿನಲ್ಲಿ ಡಾಕ್ಟರಿಕೆ ಓದಿ, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದ ಚಿದಾನಂದ ಎಸ್. ನಾಯ್ಕ ಅವರ ಕನ್ನಡ ಕಿರುಚಿತ್ರಕ್ಕೆ ವಿದ್ಯಾರ್ಥಿ ವಿಭಾಗದ ಮೊದಲ ಬಹುಮಾನ ಬಂತು. ಸಂಧ್ಯಾ ಲಖನೌಗೆ ಬಂದು ಹಿಂದಿಯಲ್ಲಿ ಮಾಡಿದ್ದು ಬ್ರಿಟನ್ನಿನ ಸಿನಿಮಾ, ಚಿದಾನಂದ ಕನ್ನಡದಲ್ಲಿ ಮಾಡಿದ್ದು ಭಾರತದ ಸಿನಿಮಾ. ಸಿನಿಮಾದ ದೇಶ ಯಾವುದು ಅಂತ ತೀರ್ಮಾನ ಮಾಡುವುದು ಭಾಷೆ ಅಲ್ಲ, ನಿರ್ಮಾಣದ ಕಾಗದ ಪತ್ರ.

ಹಿಂದಿ ಬ್ರಿಟನ್ನಿನ ಭಾಷೆಯೇ?

ಈ ಪ್ರಶ್ನೆ ತಮಾಷೆಯಂತೆ ಕಾಣುತ್ತದೆ. ಆದರೆ ಇದರ ಮೇಲೆ ಒಂದು ಸಿನಿಮಾದ ಹಣೆಬರಹ ನಿಂತಿತ್ತು. ಲಂಡನ್‌ನಲ್ಲಿ ಹುಟ್ಟಿದ ಆಸಿಫ್ ಕಪಾಡಿಯಾ 2001ರಲ್ಲಿ ಇರ್ಫಾನ್ ಖಾನ್ ಅವರನ್ನಿಟ್ಟುಕೊಂಡು 'ದಿ ವಾರಿಯರ್' ಮಾಡಿದರು, ಹಿಂದಿಯಲ್ಲಿ. ಬಾಫ್ಟಾದಲ್ಲಿ ಅದಕ್ಕೆ ವರ್ಷದ ಅತ್ಯುತ್ತಮ ಬ್ರಿಟಿಷ್ ಚಿತ್ರ ಪ್ರಶಸ್ತಿ ಬಂತು. ಬ್ರಿಟನ್ ಅದನ್ನು ಆಸ್ಕರ್‌ನ ವಿದೇಶಿ ಭಾಷಾ ಚಿತ್ರ ವಿಭಾಗಕ್ಕೆ ಕಳಿಸಲು ಹೋದರೆ ಅಕಾಡೆಮಿ ಒಪ್ಪಲಿಲ್ಲ. ಹಿಂದಿ ಬ್ರಿಟನ್ನಿನ ಮೂಲ ಭಾಷೆಯಲ್ಲ ಅನ್ನುವುದು ಕಾರಣ. ಬ್ರಿಟನ್ನಿಗೆ ಅತ್ಯುತ್ತಮ ಬ್ರಿಟಿಷ್ ಸಿನಿಮಾ, ಹಾಲಿವುಡ್ಡಿಗೆ ಬ್ರಿಟಿಷೇ ಅಲ್ಲ!

2006ರಲ್ಲಿ ನಿಯಮ ಬದಲಾಯಿತು. ಇಂಗ್ಲಿಷ್ ಅಲ್ಲದ ಯಾವ ಭಾಷೆಯಾದರೂ ಆದೀತು ಅಂದರು. ಕೂಡಲೇ ಕೆನಡಾ ದೀಪಾ ಮೆಹ್ತಾ ಅವರ ಹಿಂದಿ ಚಿತ್ರ 'ವಾಟರ್' ಕಳಿಸಿತು, ನಾಮನಿರ್ದೇಶನವೂ ಸಿಕ್ಕಿತು. ಅದೇ 'ವಾಟರ್' ಚಿತ್ರೀಕರಣವನ್ನು 2000ದಲ್ಲಿ ವಾರಾಣಸಿಯಲ್ಲಿ ಗಲಾಟೆ ಮಾಡಿ ನಿಲ್ಲಿಸಿದ್ದು, ಆಮೇಲೆ ಅದು ಶ್ರೀಲಂಕಾದಲ್ಲಿ ಪೂರ್ತಿಯಾದದ್ದು ಹಳೆಯ ಕಥೆ. ಸಂಧ್ಯಾ ನಡೆದ ದಾರಿಯಲ್ಲಿ ಅವರಿಗಿಂತ ಮೊದಲೇ ಕಲ್ಲು ಮುಳ್ಳು ತುಳಿದವರಿದ್ದರು.

2024ರಲ್ಲಿ ಬ್ರಿಟನ್ 'ಸಂತೋಷ್' ಕಳಿಸಿತು. ಭಾರತ ಕಳಿಸಿದ್ದು 'ಲಾಪತಾ ಲೇಡೀಸ್'. ಡಿಸೆಂಬರ್‌ನಲ್ಲಿ ಬಂದ ಹದಿನೈದು ಚಿತ್ರಗಳ ಪಟ್ಟಿಯಲ್ಲಿ ಭಾರತದ ಚಿತ್ರ ಇರಲಿಲ್ಲ, ಬ್ರಿಟನ್ನಿನ ಹಿಂದಿ ಚಿತ್ರ ಇತ್ತು. ಕೊನೆಯ ಐದರಲ್ಲಿ ಅದಕ್ಕೂ ಜಾಗ ಸಿಗಲಿಲ್ಲ ಅನ್ನುವುದು ಬೇರೆ ಮಾತು.

ಈ ಎರಡು ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಎರಡರಲ್ಲೂ ಉತ್ತರ ಭಾರತದ ಹಳ್ಳಿ, ಕಾಣೆಯಾದ ಹೆಣ್ಣು, ಪೊಲೀಸ್ ಠಾಣೆ. ಎರಡೂ ನಡೆಯುವುದು ನಕಾಶೆಯಲ್ಲಿ ಇಲ್ಲದ ರಾಜ್ಯದಲ್ಲಿ. ಅಲ್ಲಿ ನಿರ್ಮಲ್ ಪ್ರದೇಶ, ಇಲ್ಲಿ ಚಿರಾಗ್ ಪ್ರದೇಶ. ಅಲ್ಲಿನ ಇನ್‌ಸ್ಪೆಕ್ಟರ್ ಪಾನ್ ಅಗಿಯುತ್ತಾ ಲಂಚ ತಿನ್ನುತ್ತಾನೆ, ಕೊನೆಯಲ್ಲಿ ಹೃದಯ ತೋರಿಸಿ ಚಪ್ಪಾಳೆ ಗಿಟ್ಟಿಸುತ್ತಾನೆ. ಇಲ್ಲಿನ ಇನ್‌ಸ್ಪೆಕ್ಟರ್ ಲಂಚಕ್ಕಿಂತ ಭಾರಿ ಲೆಕ್ಕದಲ್ಲಿ ಮುಳುಗಿದ್ದಾಳೆ, ಕೊನೆಯವರೆಗೂ ಬದಲಾಗುವುದಿಲ್ಲ. ಮೊದಲನೆಯದು ಆರಾಮಾಗಿ ತೆರೆಕಂಡಿತು. ಎರಡನೆಯದಕ್ಕೆ ರಾಜ್ಯದ ಹೆಸರು ಬದಲಿಸಿದ ಉಪಾಯ ಕೈಕೊಟ್ಟಿತು.

ಬಾಗಿಲು ಮುಚ್ಚಿದ್ದು

ವಿದೇಶಿ ನಿರ್ಮಾಣದ ಚಿತ್ರ ಭಾರತದಲ್ಲಿ ಶೂಟಿಂಗ್ ಮಾಡಬೇಕಾದರೆ ಚಿತ್ರಕಥೆಯನ್ನು ಮೊದಲೇ ಸರ್ಕಾರಕ್ಕೆ ಕೊಟ್ಟು ಅನುಮತಿ ಪಡೆಯಬೇಕು. 'ಸಂತೋಷ್'ಗೆ ಆ ಅನುಮತಿ ಸಿಕ್ಕಿತ್ತು, ತೊಂದರೆಯಾಗಿರಲಿಲ್ಲ. 2025ರ ಜನವರಿಯಲ್ಲಿ ಇಲ್ಲಿ ಬಿಡುಗಡೆ ಮಾಡುವ ತಯಾರಿ ನಡೆದಿತ್ತು. ಆಗಲಿಲ್ಲ. ಮಾರ್ಚ್‌ನಲ್ಲಿ ವಿಷಯ ಹೊರಬಂತು: ಸೆನ್ಸಾರ್ ಮಂಡಳಿ ಕೇಳಿದ ಕತ್ತರಿಯ ಪಟ್ಟಿ ಪುಟಗಟ್ಟಲೆ ಇದೆ. ಪೊಲೀಸರ ನಡವಳಿಕೆ ತೋರಿಸಿದ ಬಗೆಯೇ ಮುಖ್ಯ ತಕರಾರು. ಅಷ್ಟೆಲ್ಲ ಕತ್ತರಿಸಿದರೆ ಚಿತ್ರ ಚಿತ್ರವಾಗಿ ಉಳಿಯುವುದಿಲ್ಲ ಅಂತ ಸಂಧ್ಯಾ ಹಿಂದೆ ಸರಿದರು. ಅದೇ ಮಾರ್ಚ್‌ನಲ್ಲಿ ಹಾಂಗ್‌ಕಾಂಗ್‌ನ ಏಷ್ಯನ್ ಫಿಲ್ಮ್ ಅವಾರ್ಡ್ಸ್‌ನಲ್ಲಿ ಶಹಾನಾಗೆ ಅತ್ಯುತ್ತಮ ನಟಿ, ಸಂಧ್ಯಾಗೆ ಅತ್ಯುತ್ತಮ ಹೊಸ ನಿರ್ದೇಶಕಿ ಪ್ರಶಸ್ತಿ ಬಂತು. ಬ್ರಿಟನ್ನಿನ ಥಿಯೇಟರುಗಳಲ್ಲಿ ಚಿತ್ರ ಬಿಡುಗಡೆಯಾದದ್ದೂ ಆಗಲೇ.

ಮೊದಲಾಗಿದ್ದರೆ ಮಂಡಳಿಯ ತೀರ್ಮಾನ ಒಪ್ಪದವರಿಗೆ ಮೇಲ್ಮನವಿ ನ್ಯಾಯಮಂಡಳಿ ಇತ್ತು. ಖರ್ಚು ಕಡಿಮೆ, ಸಿನಿಮಾ ಗೊತ್ತಿದ್ದವರು ಕೂತು ನೋಡುತ್ತಿದ್ದರು, ಎಷ್ಟೋ ಚಿತ್ರಗಳು ಅಲ್ಲಿ ಬಚಾವಾಗಿದ್ದವು. 2021ರಲ್ಲಿ ಅದನ್ನು ತೆಗೆದುಹಾಕಿದರು. ಈಗ ಮಂಡಳಿಯದೇ ಆದ ಪರಿಷ್ಕರಣ ಸಮಿತಿ ದಾಟಿದಮೇಲೆ ಉಳಿಯುವುದು ಹೈಕೋರ್ಟ್. ವಕೀಲರ ಫೀಸು, ತಿಂಗಳುಗಟ್ಟಲೆ ವಾಯಿದೆ. ದೊಡ್ಡ ಬ್ಯಾನರಿನವರಾದರೆ ಬಿಡುಗಡೆಯ ಕೋಟಿಗಳ ಆಸೆಗೆ ಗುದ್ದಾಡುತ್ತಾರೆ. ಇಂಥ ಸಣ್ಣ ಚಿತ್ರಕ್ಕೆ ಇಲ್ಲಿನ ಗಳಿಕೆ ಕೋರ್ಟ್ ಖರ್ಚಿಗೂ ಸಾಲುವುದು ಕಷ್ಟ.

ಓಟಿಟಿಗೆ ಸೆನ್ಸಾರ್ ಸರ್ಟಿಫಿಕೇಟ್ ಬೇಕಿಲ್ಲ ಅನ್ನುವುದು ನಿಯಮ. 2025ರ ಅಕ್ಟೋಬರ್‌ನಲ್ಲಿ ಒಂದು ಓಟಿಟಿ ವೇದಿಕೆಯಲ್ಲಿ ಬರುತ್ತದೆ ಅಂತ ಘೋಷಣೆಯೂ ಆಯಿತು. ದಿನ ಹತ್ತಿರ ಬಂದಾಗ ಅದೂ ನಿಂತಿತು.

ಹೊರಗಿನವರು ಬಂದು ನಮ್ಮ ಕೊಳೆ ತೋರಿಸಿ ಪ್ರಶಸ್ತಿ ಹೊಡೆಯುತ್ತಾರೆ ಅನ್ನುವ ಮಾತು ಇಂಥ ಹೊತ್ತಲ್ಲಿ ಬಂದೇ ಬರುತ್ತದೆ. ಆ ಮಾತನ್ನು ತಳ್ಳಿಹಾಕುವಂತಿಲ್ಲ, ಹಾಗೆ ಮಾಡಿದವರೂ ಇದ್ದಾರೆ. ಆದರೆ ಸಂಧ್ಯಾ ಅವರ ಮೇಲೆ ಅದನ್ನು ಹೊರಿಸುವುದು ಕಷ್ಟ. ಮೊದಲ ಚಿತ್ರದಲ್ಲಿ ಬ್ರಿಟನ್ನಿನ ವರ್ಣಭೇದವನ್ನು ಅಲ್ಲಿನದೇ ಟಿವಿ ತುಣುಕುಗಳಿಂದ ತೋರಿಸಿದವರು, ಬ್ರಿಟಿಷರ ಭಂಡಾರದ ರೀಲುಗಳನ್ನು ಭಾರತದ ಸಂಗೀತದ ಜತೆ ಮತ್ತೆ ನೋಡಿಸಿದವರು ಅವರು. ಠಾಣೆಯೊಳಗೆ ಕ್ಯಾಮೆರಾ ಇಟ್ಟದ್ದು ಅದೇ ಕೆಲಸದ ಮುಂದುವರಿಕೆ. ಅಷ್ಟಕ್ಕೂ ಆ ಕೊಳೆ ನಿಜವೋ ಸುಳ್ಳೋ ಅಂತ ಹೇಳಬೇಕಾದವರು ನಾವೇ. ನೋಡದೆ ಹೇಗೆ ಹೇಳುವುದು?

ಅವರ ವೃತ್ತಿಗೆ ಇದರಿಂದ ಪೆಟ್ಟು ಬಿತ್ತೇ ಅಂದರೆ, ಹಣ ಹಾಕುವವರ ಕಣ್ಣಲ್ಲಿ ಬಿದ್ದಿಲ್ಲ. ಕಾನ್, ಆಸ್ಕರ್ ಪಟ್ಟಿ, ಬಾಫ್ಟಾ ನಾಮನಿರ್ದೇಶನ ಇಷ್ಟು ಇದ್ದರೆ ಯುರೋಪಿನ ನಿಧಿಗಳ ಮುಂದೆ ಎರಡನೆಯ ಚಿತ್ರಕ್ಕೆ ಅರ್ಜಿ ಹಾಕುವುದು ಮೊದಲನೆಯದಕ್ಕಿಂತ ಸುಲಭ. ತೊಂದರೆ ಇರುವುದು ಲಖನೌನಲ್ಲಿ. ಮುಂದಿನ ಚಿತ್ರಕ್ಕೂ ಇಲ್ಲೇ ಶೂಟಿಂಗ್ ಮಾಡಬೇಕು ಅಂದರೆ ಅದೇ ಸರ್ಕಾರದ ಮುಂದೆ ಮತ್ತೆ ಚಿತ್ರಕಥೆ ಇಡಬೇಕು. ಈ ಸಲ ಓದುವವರು ಹೆಸರು ನೋಡಿಯೇ ಓದುತ್ತಾರೆ.